ಮಾಮು ಕೊರೆದ ಮೂರು ತೂತು

ಬಟವಾಡಿ, ತುಮಕೂರು
೨೫ ನವೆಂಬರ್ ೨೦೨೩

ಐಮನ್ ಬೇಟಿ,

ಪೊಟ್ಟಣ ಬಿಚ್ಚಿದ ಕೂಡಲೇ ಸೀನು ಬಂದರೆ ಹೆದರಬೇಡ, ಅದು ಟಾಲ್ಕಂ ಪೌಡರ್. ಮಡಿಚಿಟ್ಟ ನೈಲಾನ್ ಬಟ್ಟೆ ಒಂದಕ್ಕೊಂದು ಅಂಟಿಕೊಂಡರೆ ಮೇಲೆ ಹೋದಾಗ ಬಿಚ್ಚಿಕೊಳ್ಳಲ್ಲ ಅಂತ ನೀನೇ ಹೇಳಿದ್ದೆಯಲ್ಲ. ನಿನ್ನ ಬಡೀ ಅಮ್ಮನ ಡಬ್ಬಿಯಿಂದ ಅರ್ಧಕ್ಕರ್ಧ ಸುರಿದಿದ್ದೇನೆ. ಅವಳಿಗೆ ಇನ್ನೂ ಗೊತ್ತಾಗಿಲ್ಲ. ಗೊತ್ತಾದ ದಿನ ಈ ಬಡೇ ಅಬ್ಬಾನಿಗೆ ಇಳಿಯೋದಕ್ಕೂ ಒಂದು ಪ್ಯಾರಾಶೂಟ್ ಬೇಕಾಗುತ್ತೆ.

ಎಂಟು ತುಂಡು ಕತ್ತರಿಸಿ ಹೊಲಿದಿದ್ದೇನೆ, ಛತ್ರಿಯ ಲೆಕ್ಕದಲ್ಲೇ. ಕಡ್ಡಿ ಇರೋ ಜಾಗದಲ್ಲಿ ದಾರ, ಅಷ್ಟೇ ವ್ಯತ್ಯಾಸ. ಪ್ರತಿ ಹೊಲಿಗೆಯನ್ನೂ ಎರಡು ಸಲ ಓಡಿಸಿದ್ದೇನೆ. ಈ ಚಳಿಗಾಲದಲ್ಲಿ ನನ್ನ ಅಂಗಡಿಗೆ ಛತ್ರಿ ತರುವವರು ಯಾರಿದ್ದಾರೆ? ಬರೀ ಸ್ಕೂಲ್ ಬ್ಯಾಗಿನ ಜಿಪ್ಪು. ನಿನ್ನ ಕೆಲಸ ಬಂದಮೇಲೆ ಕೈಗೆ ಜೀವ ಬಂದಂತಾಗಿದೆ. ಪಕ್ಕದ ಸೈಕಲ್ ಶಾಪಿನ ಚನ್ನವೀರಯ್ಯ ಬಂದು ಎಲ್ಲಾ ಮುಟ್ಟಿ ನೋಡಿ ನನ್ನ ಕಿವಿಯ ಹತ್ತಿರ ಕಿರುಚಿದ: "ಏನ್ ಪಾಷಾ ಸಾಹೇಬ್ರೇ, ತಮ್ಮನ ಮಗಳ ರಾಕೆಟ್‌ಗೂ ಛತ್ರಿ ಹಾಕ್ತಿದೀರಂತೆ! ಯಾಕೆ, ಅಲ್ಲಿ ಮೇಲೆ ಮಳೆ ಜಾಸ್ತಿನಾ?" ನಾನಂದೆ, "ನಿನ್ ಸೈಕಲ್‌ಗಳು ಅಲ್ಲಿಗಂಟ ಹೋಗಲ್ಲ ಬಿಡು, ನಿನಗ್ಯಾಕೆ ಆ ಚಿಂತೆ?"

ನಿಮ್ಮ ಕಾಲೇಜಿನ ರಾಕೆಟ್ ಹಾರಿಸಿದ ಮೇಲೆ ಕಾಗದ ಬರಿ. ಫೋನ್ ಮಾಡಬೇಡ. ನಿನ್ನ ಮಾತು ನನ್ನ ಕಿವಿಗೆ ಬರೋ ಹೊತ್ತಿಗೆ ಬರೀ ಗುಂಯ್ ಅನ್ನುತ್ತೆ, ನಾನು ಇಲ್ಲದ್ದಕ್ಕೆಲ್ಲ ಹೂಂ ಅಂದುಬಿಡ್ತೀನಿ. ಪೊಟ್ಟಣ ಗುಬ್ಬಿ ಬಸ್ಸಿನ ಕಂಡಕ್ಟರ್ ಯಲ್ಲಯ್ಯನ ಕೈಲಿದೆ. ಹಾಸ್ಟೆಲ್ ಮುಂದೆಯೇ ಇಳಿಸುತ್ತಾನೆ.

ಕುಣಿಗಲ್‌ನ ನಿನ್ನ ಮಾಮೂಗೆ ಈ ರಾಕೆಟ್ ವಿಷಯ ಹೇಳಿದ್ದೀಯಾ? ಹೇಳಲೇಬೇಕು ಅಂತೇನಿಲ್ಲ.

ಛತ್ರಿಯ ನೆರಳಲ್ಲಿ ನಿನ್ನನ್ನು ಮಲಗಿಸಿ ಹೊಲಿಯುತ್ತಿದ್ದ,
ಬಡೇ ಅಬ್ಬಾ

❖

ಹಾಸ್ಟೆಲ್, ಗುಬ್ಬಿ
೧೨ ಡಿಸೆಂಬರ್ ೨೦೨೩

ಬಡೇ ಅಬ್ಬಾ,

ಭಾನುವಾರ ಹಾರಿಸಿದೆವು! ನೀರಿಲ್ಲದ ಕೆರೆಯಂಗಳದಲ್ಲಿ. ಅನುಮತಿ ಎಲ್ಲಾ ನಮ್ಮ ರಾಕೆಟ್ ಕ್ಲಬ್ಬಿನ ಸದಾಶಿವಯ್ಯ ಸರ್ ಮುಂಚೆಯೇ ತೆಗೆದುಕೊಂಡಿದ್ದರು. ರಾಕೆಟ್ ಹೋಗುವಷ್ಟು ಮೇಲೆ ಹೋಗಿ ತುದಿ ಮುಟ್ಟಿತು, ಮೂತಿ ಕಳಚಿಕೊಂಡಿತು, ನಿಮ್ಮ ಛತ್ರಿ ಪಟ್ ಅಂತ ಬಿಚ್ಚಿಕೊಂಡಿತು. ನನ್ನ ಗೆಳತಿ ಮಾನಸಾ ಕುಣಿದಾಡಿಬಿಟ್ಟಳು.

ಆಮೇಲೆ ಅದು ಇಳಿಯಲೇ ಇಲ್ಲ. ತೇಲಿತು, ತೇಲಿತು, ಕೆರೆ ಏರಿ ದಾಟಿತು. ಅಲ್ಲಿಂದಾಚೆಗೆಲ್ಲ ತೆಂಗಿನ ತೋಟ. ಕಾಳಯ್ಯ ಅನ್ನುವವರ ತೋಟದ ಮರದ ಸುಳಿಯಲ್ಲಿ ಕೂತುಬಿಟ್ಟಿತು. ಅವರು ಬಂದು ತಲೆ ಎತ್ತಿ ನೋಡಿ, "ಏನವ್ವಾ, ಛತ್ರಿ ಹಿಡ್ಕಂಡು ಯಾರೋ ಇಳಿದವ್ರಲ್ಲ, ಕಾಯಿ ಕೀಳಾಕ್ ಬಂದವ್ರಾ?" ಅಂದರು. ಅವರೇ ಹತ್ತಿ ತೆಗೆದುಕೊಟ್ಟರು. ಬಟ್ಟೆ ಹರಿದಿದೆ.

ಮಾಮೂಗೆ ವಿಡಿಯೋ ಕಳಿಸಿದ್ದೆ. ಛತ್ರಿ ಅತಿಯಾಗಿ ಚೆನ್ನಾಗಿದೆ, ಅದೇ ತೊಂದರೆ ಅಂದರು. ಅವರು ಒಂದು ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ಮಾಡಿಕೊಡ್ತಾರಂತೆ. ಅದು ರಾಕೆಟ್ಟಿನ ಹೊಟ್ಟೆಯಲ್ಲಿ ಕೂತು ಎಷ್ಟು ಎತ್ತರದಲ್ಲಿದ್ದೇವೆ ಅಂತ ತಿಳಿದುಕೊಳ್ಳುತ್ತೆ. ತುದಿಯಲ್ಲಿ ಒಂದು ಸಣ್ಣ ಛತ್ರಿ ಬಿಚ್ಚುತ್ತೆ, ರಾಕೆಟ್ ಬೇಗ ನೆಟ್ಟಗೆ ಇಳಿಯುತ್ತೆ, ಗಾಳಿಗೆ ಸಿಕ್ಕಿ ದೂರ ಹೋಗಲ್ಲ. ನೆಲ ಹತ್ತಿರ ಬಂದಾಗ ದೊಡ್ಡ ಛತ್ರಿ ಬಿಚ್ಚುತ್ತೆ. ಕ್ಲಬ್ಬಿನಲ್ಲಿ ರಾಕೆಟ್ಟನ್ನು ಒಡೆಯದಂತೆ ಕೆಳಗಿಳಿಸೋ ಹೊಣೆ ಈಗ ನನ್ನದು. ರಿಕವರಿ ಅಂತೀವಿ.

ಹಾಗಾಗಿ ಎರಡು ಛತ್ರಿ ಬೇಕು. ದೊಡ್ಡದರ ನೆತ್ತಿಯಲ್ಲಿ ಅಂಗೈಯಗಲ ಒಂದು ತೂತು ಇರಬೇಕು ಅಂತಾರೆ ಮಾಮು. ಗಾಳಿ ಅದರಲ್ಲಿ ಹೊರಗೆ ಹೋದರೆ ಛತ್ರಿ ತೂಗಾಡಲ್ಲವಂತೆ. ಮಾಡಿಕೊಡ್ತೀರಾ?

ನಿಮ್ಮ
ಐಮನ್

❖

ಬಟವಾಡಿ
೧೮ ಡಿಸೆಂಬರ್ ೨೦೨೩

ಐಮನ್ ಬೇಟಿ,

ಬಿಚ್ಚಿಕೊಂಡಿತು ಅನ್ನೋ ತನಕ ಓದಿ ನಿನ್ನ ಬಡೀ ಅಮ್ಮನನ್ನು ಕೂಗಿ ಕರೆದೆ. ಮಿಕ್ಕದ್ದನ್ನು ಒಬ್ಬನೇ ಓದಿಕೊಂಡೆ.

ಅತಿಯಾಗಿ ಚೆನ್ನಾಗಿರೋದು ಒಂದು ತೊಂದರೆ ಅಂತ ನನಗೆ ಈ ವಯಸ್ಸಿನಲ್ಲಿ ತಿಳಿಯಿತು. ನಾನು ಹೊಲಿದದ್ದು ಬಿಚ್ಚಬೇಕಾದಾಗ ಬಿಚ್ಚಿತು, ತೇಲಬೇಕಾದಾಗ ತೇಲಿತು. ತೆಂಗಿನಮರವನ್ನು ನಾನು ನೆಟ್ಟಿರಲಿಲ್ಲ. ಇರಲಿ. ಇನ್ನು ಮುಂದೆ ನನ್ನ ಛತ್ರಿ ಯಾವಾಗ ಬಿಚ್ಚಬೇಕು ಅನ್ನೋದನ್ನು ಮಾಮುವಿನ ಬೋರ್ಡು ಹೇಳುತ್ತೆ. ಒಳ್ಳೆಯದು. ಇನ್ವರ್ಟರ್ ರಿಪೇರಿ ಮಾಡೋರಿಗೆ ಆಕಾಶದ ಎತ್ತರ ಗೊತ್ತಿರುತ್ತೆ, ಛತ್ರಿ ಹೊಲಿಯೋರಿಗೆ ಗಾಳಿ ಹೇಗೆ ಗೊತ್ತಿರಬೇಕು?

ತೂತು ಅಂದೆಯಲ್ಲ. ಈ ಅಂಗಡಿಗೆ ಜನ ಬರೋದೇ ತೂತು ಮುಚ್ಚಿಸೋದಕ್ಕೆ. ಹೊಸ ಬಟ್ಟೆಗೆ ಕತ್ತರಿ ಹಾಕಿ ತೂತು ಮಾಡು ಅಂತ ಇವತ್ತಿನವರೆಗೆ ಯಾರೂ ಕೇಳಿಲ್ಲ. ಆದರೆ ಕೇಳಿದ್ದು ನೀನು. ನೆತ್ತಿಗೆ ತೆಳ್ಳಗಿನ ಜಾಲರಿ ಬಟ್ಟೆ ಹಾಕುತ್ತೇನೆ, ಗಾಳಿಯೂ ಹೋಗುತ್ತೆ, ನನ್ನ ಕಣ್ಣಿಗೆ ತೂತೂ ಕಾಣಲ್ಲ.

ನೀನು ಪಿಯುಸಿ ಪಾಸಾದಾಗ ಮಾಮು ಲ್ಯಾಪ್‌ಟಾಪ್ ಕೊಟ್ಟದ್ದು, ನಾನು ಮರದ ಹಿಡಿಯ ಛತ್ರಿ ಕೊಟ್ಟದ್ದು ನೆನಪಾಯಿತು. ಲ್ಯಾಪ್‌ಟಾಪನ್ನು ಮರಳೂರಿನ ನಮ್ಮ ಮನೆಯ ಬೀದಿಯವರೆಲ್ಲ ನೋಡಿದರು. ಛತ್ರಿ ಬಾಗಿಲ ಮೂಲೆಯಲ್ಲಿತ್ತು. ಸುಮ್ಮನೆ ನೆನಪಾಯಿತು, ಬೇರೇನಿಲ್ಲ.

ಸಂಕ್ರಾಂತಿ ರಜೆಗೆ ರಾಕೆಟ್ ತಂದುಕೊಡು. ಅಳತೆಗೆ ಸರಿಯಾಗಿ ಕೂರಿಸುತ್ತೇನೆ.

ಬಡೇ ಅಬ್ಬಾ

❖

ಬಟವಾಡಿ
೨ ಜನವರಿ ೨೦೨೪

ಅಫ್ರೋಜ್ ಸಾಹೇಬರಿಗೆ ಅಕ್ರಂ ಪಾಷಾನ ಸಲಾಂ.

ನಾವು ಮನೆಯಲ್ಲಿ ಉರ್ದು ಆಡುವವರಾದರೂ ನನಗೆ ಬರೆಯಲು ಬರೋದು ಕನ್ನಡ ಮಾತ್ರ, ಅದೂ ಅಂಗಡಿಯಲ್ಲಿ ಪೇಪರ್ ಓದಿ ಓದಿ ಕಲಿತದ್ದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಗುವಿನ ರಾಕೆಟ್ಟಿಗೆ ನೀವು ಬೋರ್ಡ್ ಕೊಡುತ್ತಿರುವ ಸುದ್ದಿ ತಿಳಿದು ಸಂತೋಷವಾಯಿತು. ನಿಮಗೆ ಇಷ್ಟು ಬಿಡುವು ಸಿಕ್ಕದ್ದಕ್ಕೆ ಇನ್ನೂ ಸಂತೋಷ. ಅವಳಿಗೆ ಅಮ್ಮ ಎದ್ದು ಮೈತುಂಬ ಗುಳ್ಳೆಯಾಗಿದ್ದಾಗ ಮಾತ್ರ ನಿಮಗೆ ಬಸ್ ಸಿಕ್ಕಿರಲಿಲ್ಲ, ಅದೂ ನೆನಪಿದೆ. ನನ್ನದೊಂದು ವಿನಂತಿ. ತಂತಿ ನಿಮ್ಮದು, ಬಟ್ಟೆ ನನ್ನದು. ಬಟ್ಟೆಯಲ್ಲಿ ಎಲ್ಲಿ ತೂತಿರಬೇಕು ಅನ್ನೋದನ್ನು ನೀವು ಹೇಳಿಕಳಿಸಿದರೆ, ತಂತಿಯ ಬಗ್ಗೆ ನಾನೂ ಏನಾದರೂ ಹೇಳಿಕಳಿಸಬೇಕಾಗುತ್ತೆ.

ಮನೆಯಲ್ಲಿ ಎಲ್ಲರನ್ನೂ ಕೇಳಿದೆ ಅಂತ ಹೇಳಿ.

ಅಕ್ರಂ ಪಾಷಾ

❖

ಬಟವಾಡಿ
೧೯ ಜನವರಿ ೨೦೨೪, ಶುಕ್ರವಾರ

ಐಮನ್ ಬೇಟಿ,

ನೀನೂ ಮಾನಸಾನೂ ಬಿಟ್ಟುಹೋದ ರಾಕೆಟ್ಟನ್ನು ಇವತ್ತು ಯಲ್ಲಯ್ಯನ ಬಸ್ಸಿಗೆ ಹಾಕಿದೆ. ಮೇಲಕ್ಕೊಂದು ಗವಸು ಹೊಲಿದಿದ್ದೇನೆ, ಬಣ್ಣ ಕೆರೆಯಬಾರದು ಅಂತ. ಸಣ್ಣ ಛತ್ರಿ, ದೊಡ್ಡ ಛತ್ರಿ ಎರಡೂ ಅದರದರ ಜಾಗದಲ್ಲಿವೆ. ಭಾನುವಾರ ಬೆಳಿಗ್ಗೆ ಗವಸು ಬಿಚ್ಚಿ ನೇರ ಹಾರಿಸೋ ಕಂಬಕ್ಕೆ ಏರಿಸಿದರಾಯಿತು.

ಒಂದು ವಿಷಯ. ಕಪ್ಪು ಬಣ್ಣದ ಕೊಳವೆಯ ನಡುವಿನಲ್ಲಿ, ಬೋರ್ಡ್ ಇರೋ ಜಾಗದ ಸುತ್ತ, ನಿನ್ನ ಮಾಮು ಮೂರು ತೂತು ಕೊರೆದು ಹಾಗೇ ಬಿಟ್ಟಿದ್ದರು. ಬೆಂಕಿಕಡ್ಡಿಯ ತಲೆಯಷ್ಟು. ಒಂದು ಸ್ಕ್ರೂ ಇಲ್ಲ, ಬಿರಡೆ ಇಲ್ಲ. ಎಲ್ಲೋ ಅಳತೆ ತಪ್ಪಿ ಕೊರೆದಿರಬೇಕು. ಗುಬ್ಬಿಯ ಬೆಳಗಿನ ಇಬ್ಬನಿ ಒಳಗೆ ಹೋದರೆ ಅಷ್ಟು ನಾಜೂಕಿನ ಬೋರ್ಡು ಏನಾಗಬೇಕು? ಬೈದುಕೊಂಡೇ ಮುಚ್ಚಿದೆ. ಛತ್ರಿ ಬಟ್ಟೆಯ ಚೂರು, ಒಳ್ಳೆ ಪಂಕ್ಚರ್ ಸೊಲ್ಯೂಷನ್, ಮೇಲೆ ಒಂದು ಕೈ ಕಪ್ಪು ಪಾಲಿಶ್. ಇಲ್ಲಿ ತೂತಿತ್ತು ಅಂತ ಹೇಳಿದರೆ ನೀನೂ ನಂಬಲ್ಲ, ಹಾಗಿದೆ ಕೆಲಸ.

ಇದನ್ನು ಪೊಟ್ಟಣದೊಳಗೆ ಬರೆದಿಡಲಿಲ್ಲ. ಮಾನಸಾ ಬಿಚ್ಚಿ ಓದಿ ಎಲ್ಲರೆದುರು ನಕ್ಕರೆ ನಿನ್ನ ಮಾಮೂಗೆ ಅವಮಾನ. ಅವರು ಹೇಗೇ ಇರಲಿ, ನಿನ್ನ ಅಮ್ಮನ ತಮ್ಮ. ಅದಕ್ಕೇ ಬೇರೆಯಾಗಿ ಅಂಚೆಗೆ ಹಾಕುತ್ತಿದ್ದೇನೆ. ಓದಿದ ಮೇಲೆ ನೀನೊಬ್ಬಳೇ ತಿಳಿದುಕೋ, ಯಾರ ಕೈ ಸೂಕ್ಷ್ಮ ಅಂತ.

ಅಂಗಡಿಯಲ್ಲೇ ಕೂತು ಆಕಾಶ ನೋಡುತ್ತಿರುವ,
ಬಡೇ ಅಬ್ಬಾ

❖

ಗುಬ್ಬಿ
೨೫ ಜನವರಿ ೨೦೨೪

ಬಡೇ ಅಬ್ಬಾ,

ಭಾನುವಾರ ಎರಡು ಛತ್ರಿಯೂ ಹೊರಗೆ ಬರಲಿಲ್ಲ. ರಾಕೆಟ್ ಮೇಲೆ ಹೋದ ಹಾಗೇ ಮೂತಿ ಕೆಳಗೆ ಮಾಡಿಕೊಂಡು ಬಂದು ಕೆರೆ ಮಣ್ಣಿಗೆ ಹೊಕ್ಕಿತು. ಹಾರೆ ಹಾಕಿ ಅಗೆಯಬೇಕಾಯಿತು. ಮಾಮು ಬಂದಿದ್ದರು. ಅವರೇ ಅಗೆದರು. ಬೋರ್ಡು ಚೂರಾಗಿದೆ.

ತಪ್ಪು ತಮ್ಮದೇ ಅಂತ ಮಾಮು ಸದಾಶಿವಯ್ಯ ಸರ್‌ಗೆ ಹೇಳಿದರು. ಹೊರಗಿನವರು ಮಾಡಿದ ಬೋರ್ಡ್ ಇನ್ನು ಬೇಡ, ಛತ್ರಿಯೂ ಬೇಡ, ಎರಡನ್ನೂ ಕೊಂಡು ತರೋಣ ಅಂದರು ಸರ್. ನೋಡಿಕೊಳ್ಳದೆ ಏರಿಸಿದೆ ಅಂತ ರಿಕವರಿ ಕೆಲಸವನ್ನು ನನ್ನಿಂದ ತೆಗೆದಿದ್ದಾರೆ.

ನಿಮ್ಮ ಕಾಗದ ಮಂಗಳವಾರ ಬಂತು.

ಐಮನ್

❖

ಬಟವಾಡಿ
೩೦ ಜನವರಿ ೨೦೨೪

ಐಮನ್ ಬೇಟಿ,

ಓದಿ ಬೇಜಾರಾಯಿತು. ರಾಕೆಟ್ ಹೋಗಲಿ, ಇನ್ನೊಂದು ಆಗುತ್ತೆ. ನಿನ್ನ ಕೈಯಿಂದ ಕೆಲಸ ತೆಗೆದರು ಅನ್ನೋದು ನುಂಗಲಾಗುತ್ತಿಲ್ಲ.

ಆದರೆ ಹೇಳದೆ ಇರಲಾರೆ. ಕೊಳವೆಯಲ್ಲಿ ಮೂರು ತೂತು ಬಿಟ್ಟವರು ಒಳಗೆ ಇನ್ನೇನು ಬಿಟ್ಟಿದ್ದರೋ? ತಪ್ಪು ತಮ್ಮದು ಅಂತ ಅವರೇ ಒಪ್ಪಿದ್ದು ದೊಡ್ಡ ಗುಣ, ಅದನ್ನು ಮೆಚ್ಚುತ್ತೇನೆ. ಚನ್ನವೀರಯ್ಯನಿಗೂ ಹೇಳಿದೆ, "ನಮ್ಮ ಬೀಗ್ರು ಸೋತರೂ ಸುಳ್ಳು ಹೇಳಲ್ಲ ಕಣಯ್ಯಾ" ಅಂತ. ಅವನು, "ಯಾಕೋ ಇವತ್ತು ನಿಮ್ ಮುಖ ಹಬ್ಬದಂಗೈತೆ" ಅಂದ. ಇಲ್ಲ, ಹಾಗೇನಿಲ್ಲ.

ಛತ್ರಿಯನ್ನೂ ಬೇಡ ಅಂದದ್ದು ಯಾಕೆ? ಅದರ ತಪ್ಪೇನಿತ್ತು? ನಿನ್ನ ಸರ್‌ಗೆ ಒಂದು ಮಾತು ಹೇಳಿ ನೋಡು.

ಇಷ್ಟು ಚಿಕ್ಕ ಕಾಗದವನ್ನು ನೀನು ಯಾವತ್ತೂ ಬರೆದಿರಲಿಲ್ಲ. ಊಟ ಮಾಡುತ್ತಿದ್ದೀಯಾ?

ಬಡೇ ಅಬ್ಬಾ

❖

ಕುಣಿಗಲ್
೧೦ ಫೆಬ್ರವರಿ ೨೦೨೪

ಭಾಯಿಜಾನ್, ಸಲಾಂ.

ನಿಮ್ಮ ಸಂಕ್ರಾಂತಿಯ ಮುಂಚಿನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಸಿಟ್ಟು ಬಂದಿತ್ತು. ಈಗ ಬರೆಯುತ್ತಿರೋದು ಐಮನ್‌ಗೆ ಗೊತ್ತಿಲ್ಲ. ನೀವು ಅವಳಿಗೆ ಬರೆದದ್ದಕ್ಕೆ ಅವಳು ಉತ್ತರ ಬರೆದಿಲ್ಲವಂತೆ. ಯಾಕೆ ಅಂತ ನೀವು ಯೋಚಿಸುತ್ತಿರಬಹುದು.

ಬೋರ್ಡಿಗೆ ಕಣ್ಣಿಲ್ಲ ಭಾಯಿಜಾನ್. ಅದಕ್ಕೆ ಎತ್ತರ ತಿಳಿಯೋದು ಗಾಳಿಯಿಂದ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಇಳಿಯುತ್ತೆ, ತುದಿ ಮುಟ್ಟಿ ತಿರುಗಿದರೆ ಏರುತ್ತೆ. ಆ ಗಾಳಿ ಒಳಗೆ ಬರಲಿ ಅಂತಲೇ ಮೂರು ತೂತು ಕೊರೆದಿದ್ದೆ. ಅವೇ ಅದರ ಕಿವಿ. ಕಿವಿ ಮುಚ್ಚಿಕೊಂಡ ಬೋರ್ಡು ತಾನಿನ್ನೂ ನೆಲದ ಮೇಲೇ ಇದ್ದೀನಿ ಅಂದುಕೊಂಡೇ ಮಣ್ಣಿಗೆ ಬಿತ್ತು.

ಅಗೆದು ತೆಗೆದಾಗ ಕೊಳವೆಯ ಮೇಲೆ ಬೆರಳಾಡಿಸಿದೆ. ಕಣ್ಣಿಗೆ ಕಾಣಲಿಲ್ಲ, ಬೆರಳಿಗೆ ಸಿಕ್ಕಿತು. ಅಕ್ಕನ ಮದುವೆಯಲ್ಲಿ ಶಾಮಿಯಾನಾ ಹರಿದಾಗ ನೀವು ಹಾಕಿದ ತೇಪೆ ನನಗೆ ಗೊತ್ತು. ಇಂಥ ಅಂಚು ತುಮಕೂರು ಜಿಲ್ಲೆಯಲ್ಲಿ ಇನ್ನೊಬ್ಬರು ಕತ್ತರಿಸಲ್ಲ. ಪಕ್ಕದಲ್ಲಿ ಐಮನ್ ನಿಂತಿದ್ದಳು, ಅವಳೂ ಮುಟ್ಟಿದಳು. ಅವಳಿಗೂ ಗೊತ್ತಾಯಿತು. ಸರ್ ಹತ್ತಿರ ಬಂದಾಗ, "ತೂತು ಕೊರೆಯೋದು ನಾನೇ ಮರೆತೆ" ಅಂದುಬಿಟ್ಟೆ.

ನಿಮ್ಮ ಮೇಲಿನ ಪ್ರೀತಿಗೆ ಅಂತ ತಿಳಿಯಬೇಡಿ. ಅವಳಿಗೆ ನಾನು ಏನು ಹೇಳಿಕೊಟ್ಟರೂ, "ಇರಿ ಮಾಮು, ಬಡೇ ಅಬ್ಬಾನ ಒಂದ್ಸಲ ಕೇಳ್ತೀನಿ" ಅಂತಾಳೆ. ತಂತಿಯ ವಿಷಯಕ್ಕೂ! ಅದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಆದರೆ ನಿಮ್ಮ ಹೆಸರು ಹೇಳಿದ್ದರೆ ಅವಳ ಮುಖ ಏನಾಗುತ್ತಿತ್ತು ಅಂತ ನೋಡಲು ನನಗೆ ಧೈರ್ಯ ಬರಲಿಲ್ಲ.

ಅಫ್ರೋಜ್

❖

ಬಟವಾಡಿ
೧೬ ಫೆಬ್ರವರಿ ೨೦೨೪

ಅಫ್ರೋಜ್,

ಸಾಹೇಬರು ಅಂತ ಬರೆಯಲ್ಲ. ಸಾಹೇಬರು ಅಂತ ಕರೆದಾಗೆಲ್ಲ ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು. ಈಗ ಹೆಸರು ಹಿಡಿದು ಬರೆದರೂ ಇದೆ. ಮೊದಲಿಗಿಂತ ಜಾಸ್ತಿ.

ಲ್ಯಾಪ್‌ಟಾಪ್ ಕೊಟ್ಟೆ, ಸರಿ. ಬೋರ್ಡ್ ಕೊಟ್ಟೆ, ಸರಿ. ಈಗ ನನ್ನ ತಪ್ಪನ್ನೂ ನೀನೇ ತಗೊಂಡರೆ ನನಗೆ ಅಂತ ಉಳಿದದ್ದೇನು? ಮಗುವಿನ ಕಣ್ಣಲ್ಲಿ ದೊಡ್ಡವನಾಗೋಕೆ ನಾನು ಮೂರು ತೂತು ಮುಚ್ಚಿದೆ. ನೀನು ಒಂದು ಮಾತು ಹೇಳಿ ನನಗಿಂತ ದೊಡ್ಡವನಾದೆ. ನಿನ್ನ ಕಾಗದ ಓದಿ ಎರಡು ದಿನ ಅಂಗಡಿಯ ಬಾಗಿಲು ತೆಗೆಯಲಿಲ್ಲ. ನಾಚಿಕೆ ಅರ್ಧ, ಹೊಟ್ಟೆಕಿಚ್ಚು ಅರ್ಧ.

ನನ್ನದನ್ನು ನಾನು ವಾಪಸ್ ತಗೊಂಡೆ. ನಿನ್ನೆ ಗುಬ್ಬಿಗೆ ಹೋಗಿದ್ದೆ. ಸದಾಶಿವಯ್ಯನವರು ಲ್ಯಾಬಿನಲ್ಲಿದ್ದರು. ಮೆಲ್ಲಗೆ ಹೇಳಬೇಕು ಅಂದುಕೊಂಡೇ ಹೋದದ್ದು. ಆದರೆ ನನ್ನ ದನಿ ಎಷ್ಟು ದೊಡ್ಡದು ಅಂತ ನನಗೆ ಎಲ್ಲಿ ಕೇಳಿಸುತ್ತೆ? "ತೂತು ಮುಚ್ಚಿದವನು ನಾನು! ಅಫ್ರೋಜ್ ಕೊರೆದಿದ್ದು ಸರಿಯಾಗೇ ಇತ್ತು! ನಾನು ಪಾಲಿಶ್ ಹಾಕಿದ ಮೇಲೆ ಜಿನ್ನು ಬಂದರೂ ಅದು ಕಾಣಲ್ಲ, ಹುಡುಗಿ ಏನ್ ಮಾಡ್ತಾಳೆ!" ಅಂತ ಹೇಳಿದ್ದು ಪಕ್ಕದ ಕ್ಲಾಸಿಗೂ ಕೇಳಿಸಿತಂತೆ. ಹುಡುಗರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಮಾನಸಾ ಬಾಯಿಗೆ ದುಪಟ್ಟಾ ಒತ್ತಿಕೊಂಡಿದ್ದಳು. ಐಮನ್ ಮಾತ್ರ ನಗಲಿಲ್ಲ. ಹತ್ತಿರ ಬಂದು ನನ್ನ ತೋಳು ಹಿಡಿದುಕೊಂಡಳು, ಚಿಕ್ಕವಳಿದ್ದಾಗ ರಸ್ತೆ ದಾಟುವಾಗ ಹಿಡಿಯುತ್ತಿದ್ದ ಹಾಗೆ.

ಸರ್ ಒಂದು ಚೀಟಿಯಲ್ಲಿ ಬರೆದು ತೋರಿಸಿದರು: ಮಾರ್ಚ್ ಮೊದಲ ಭಾನುವಾರ ಇನ್ನೊಂದು ಅವಕಾಶ, ಹೊಸ ಕೊಳವೆ, ನಿನ್ನದೇ ಬೋರ್ಡು, ನನ್ನದೇ ಛತ್ರಿ, ರಿಕವರಿ ಐಮನ್‌ದೇ. ಏರಿಸುವ ಮುಂಚೆ ತೂತುಗಳನ್ನು ಅವಳು ಕಡ್ಡಿ ಹಾಕಿ ನೋಡಬೇಕು. ಇದೂ ಬಿದ್ದರೆ ಆಮೇಲೆ ಯಾರೂ ಬರಬೇಡಿ ಅಂತ ಕೆಳಗೆ ಗೆರೆ ಎಳೆದಿದ್ದರು.

ಹಾಗಾಗಿ ಬೋರ್ಡ್ ಮಾಡಲು ಕೂರು. ಛತ್ರಿಯ ನೆತ್ತಿಯ ಜಾಲರಿ ಬಿಚ್ಚಿ ಹಾಕಿದ್ದೇನೆ. ಅಂಗೈ ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಬರೆದು ಕತ್ತರಿ ಹಾಕಿದೆ. ಅಂಗೈ ನಿನ್ನದೋ ನನ್ನದೋ ಅಂತ ನೀನು ಹೇಳಿರಲಿಲ್ಲ. ನನ್ನದನ್ನೇ ಇಟ್ಟೆ.

ಅಕ್ರಂ

❖

ಬಟವಾಡಿ
೬ ಮಾರ್ಚ್ ೨೦೨೪

ಐಮನ್ ಬೇಟಿ,

ಭಾನುವಾರ ನೀನು ಕಂಬದ ಹತ್ತಿರ ಇದ್ದೆ, ನಾವಿಬ್ಬರು ಹಗ್ಗದ ಈಚೆಗೆ. ಈಚೆ ಏನಾಯಿತು ಅಂತ ನಿನಗೆ ಗೊತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನೀನು ಕಡ್ಡಿ ಹಾಕಿ ಮೂರು ತೂತನ್ನೂ ನೋಡಿದೆ. ಆಮೇಲೆ ನನ್ನ ಕಡೆ ತಿರುಗಿ ನೋಡಿದೆ. ನಾನು ಆಕಾಶ ನೋಡಿದೆ. ಬಿಸಿಲು ಸುಡುತ್ತಿತ್ತು. ನೀನು ಓಡುವ ಮೊದಲು ಮಾಮುವಿನ ಕೈಗೆ ನಿನ್ನ ಹಳೇ ಛತ್ರಿ ತುರುಕಿ ಹೋಗಿದ್ದೆಯಲ್ಲ, ಅವನು ಅದನ್ನು ಬಿಚ್ಚಿ ನನ್ನನ್ನೂ ಕೆಳಗೆ ಎಳೆದುಕೊಂಡ. ಮರದ ಹಿಡಿ. ನಾನು ಕೊಟ್ಟದ್ದು. ಹಿಡಿಯ ಪಾಲಿಶ್ ನಿನ್ನ ಕೈ ತಾಗಿ ತಾಗಿ ಸವೆದಿತ್ತು. ಬಾಗಿಲ ಮೂಲೆಯಲ್ಲಿ ಬಿದ್ದಿದೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ.

ಬೋರ್ಡ್ ತಯಾರಾದರೆ ಮೂರು ಸಲ ಕೀಂ ಅನ್ನುತ್ತಂತೆ. ಎಲ್ಲರೂ ಕಿವಿಗೊಟ್ಟು ನಿಂತರು. ನಾನೂ ನಿಂತೆ, ಸುಮ್ಮನೆ. ಆಗ ಮಾಮು ನನ್ನ ಭುಜದ ಮೇಲೆ ಬೆರಳಲ್ಲಿ ತಟ್ಟಿದ. ಒಂದು. ಎರಡು. ಮೂರು. ಮೊದಲು ರೇಗಿತು, ನಾನೇನು ಮಗುವಾ ಅಂತ. ಆಮೇಲೆ ನಾನೂ ಎಣಿಸಿದೆ.

ರಾಕೆಟ್ ಹೋದದ್ದು ಎದೆಗೆ ಕೇಳಿಸಿತು. ತುದಿಯಲ್ಲಿ ಸಣ್ಣ ಛತ್ರಿ ಬಿಚ್ಚಿತು, ಮಾಮು "ಒಂದು" ಅಂತ ಮತ್ತೆ ತಟ್ಟಿದ. ನೆಟ್ಟಗೆ ಇಳಿಯಿತು, ಇಳಿಯಿತು, ಕಲ್ಲು ಬಿದ್ದ ಹಾಗೆ. ದೊಡ್ಡದು ಬಿಚ್ಚಿದಾಗ ಅವನು ತಟ್ಟಲಿಲ್ಲ, ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಿದ್ದ. ನೆತ್ತಿಯ ತೂತಿನಲ್ಲಿ ಒಂದು ಚೂರು ನೀಲಿ ಕಾಣುತ್ತಿತ್ತು. ತೂಗಾಡಲಿಲ್ಲ, ಏರಿಯ ಕಡೆ ಮುಖವೂ ಹಾಕಲಿಲ್ಲ. ಏರಿಯ ಮೇಲೆ ಕೂತು ನೋಡುತ್ತಿದ್ದ ಕಾಳಯ್ಯನವರು, "ನಮ್ ತೋಟಕ್ ಬರ್ಲೇ ಇಲ್ವಲ್ಲವ್ವ, ಬೇಜಾರಾಯ್ತೇನೋ ಅದ್ಕೆ!" ಅಂತ ಕೂಗಿದರಂತೆ. ಮಾಮು ನನ್ನ ಕಿವಿಗೆ ಕಿರುಚಿ ಹೇಳಿದ.

ಇನ್ನು ನೀನು ಓಡಿ ಬರುತ್ತೀಯ ಅಂತ ಇಬ್ಬರೂ ಸರಿಯಾಗಿ ನಿಂತುಕೊಂಡೆವು. ನಾನು ಟೋಪಿ ಸರಿಮಾಡಿಕೊಂಡೆ. ಅವನು ಅಂಗಿ ಎಳೆದುಕೊಂಡ. ಯಾರ ಕಡೆಗೆ ಮೊದಲು ಬರುತ್ತೀಯೋ ಅಂತ ಇಬ್ಬರಿಗೂ ಒಂದೇ ಯೋಚನೆ, ನನಗೆ ಗೊತ್ತು. ನೀನು ನಮ್ಮಿಬ್ಬರನ್ನೂ ದಾಟಿ ರಾಕೆಟ್ ಬಿದ್ದ ಕಡೆಗೆ ಓಡಿದೆ. ತಿರುಗಿ ಕೂಡ ನೋಡಲಿಲ್ಲ. ಮಣ್ಣಲ್ಲಿ ಮಂಡಿಯೂರಿ ಅದನ್ನು ಮಗುವಿನ ಹಾಗೆ ಎತ್ತಿಕೊಂಡೆ.

"ನೋಡಿದ್ರಾ ಭಾಯಿಜಾನ್, ನಾವ್ ಯಾರ್ ಅಂತಾನೂ ಕೇಳಲಿಲ್ಲ" ಅಂದ ಮಾಮು. "ಬಿಡೋ, ಆ ಕೊಳವೆಗೆ ಇರೋ ಅದೃಷ್ಟ ನಮಗೆಲ್ಲಿ" ಅಂದೆ. ಇಬ್ಬರಿಗೂ ಹೊಟ್ಟೆ ಉರಿಯಿತು. ಆದರೆ ಮೊದಲ ಸಲ ಒಟ್ಟಿಗೆ, ಒಂದೇ ಛತ್ರಿಯ ಕೆಳಗೆ.

ಇಷ್ಟಕ್ಕೇ ಮುಗಿಸಬೇಕೆಂದಿದ್ದೆ. ಆದರೆ ಆ ಛತ್ರಿಯಲ್ಲಿ ಒಂದು ಕಡ್ಡಿ ನೋಡಿದೆ. ಮುರಿದಿದ್ದಕ್ಕೆ ಯಾರೋ ಬೋರ್ಡಿಗೆ ಹಾಕುವ ಸಾಲ್ಡರ್ ಹಾಕಿ ಕೂಡಿಸಿದ್ದಾರೆ. ಗಂಟುಗಂಟಾಗಿ, ಕೆಟ್ಟ ಕೆಲಸ. ಯಾರು ಅಂತ ಕೇಳೋ ಮುಂಚೆಯೇ ಮಾಮು ಬೇರೆ ಕಡೆ ನೋಡಿದ. ಛತ್ರಿಯ ಕಡ್ಡಿ ಮುರಿದರೆ ಕುಣಿಗಲ್‌ಗೆ ತಗೊಂಡು ಹೋಗೋದೇನಮ್ಮಾ?

ಭಾನುವಾರ ಅಂಗಡಿಗೆ ತಾ. ಹೊಸ ಕಡ್ಡಿ ಎತ್ತಿಟ್ಟಿದ್ದೇನೆ. ಮಾಮೂಗೆ ಹೇಳಬೇಡ.

ಸೂಜಿಗೆ ದಾರ ಪೋಣಿಸಿಕೊಂಡು ಕೂತಿರುವ,
ಬಡೇ ಅಬ್ಬಾ